ಮಾತು ಬಾರದ ಮಗನಿಗೆ ನೋವಿದೆಯೇ?

ಪ್ರಶ್ನೆ: ಮಗನಿಗೆ 19 ವರ್ಷ. ಬುದ್ಧಿ ಬೆಳವಣಿಗೆ ಕಡಿಮೆ, ಮಾತು ಬಾರದು. ನಾಲ್ಕು ದಿನದಿಂದ ಬಲಕೆನ್ನೆಗೆ ಹೊಡೆದುಕೊಳ್ಳುತ್ತಾನೆ. ಗಂಜಿ ಬಿಟ್ಟರೆ ಬೇರೇನೂ ತಿನ್ನುವುದಿಲ್ಲ, ರಾತ್ರಿ ನಿದ್ದೆಯಿಲ್ಲ. ‘ಇಂಥ ಮಕ್ಕಳು ಹೀಗೇ’ ಎನ್ನುತ್ತಾರೆ. ನೋವು ಹೌದೋ ಅಲ್ಲವೋ ತಿಳಿಯುವುದು ಹೇಗೆ?
– ಒಬ್ಬ ತಾಯಿ, ಕಾಪು

ಉತ್ತರ: ಆ ಮಾತನ್ನು ದಯವಿಟ್ಟು ಒಪ್ಪಬೇಡಿ ಅಮ್ಮ. ಹೊಸದಾಗಿ ಶುರುವಾದ ವರ್ತನೆಯನ್ನು, ನೋವಲ್ಲ ಎಂದು ಖಾತ್ರಿಯಾಗುವ ತನಕ ನೋವೆಂದೇ ಎಣಿಸಬೇಕು. ಗಂಜಿ ಇಳಿಯುತ್ತದೆ, ಜಗಿಯುವುದು ಬೇಡ ಎಂದರೆ ಮೊದಲ ಅನುಮಾನ ಹಲ್ಲಿನ ಮೇಲೆ, ಆಮೇಲೆ ಕಿವಿ. ಬುದ್ಧಿಹಲ್ಲು ಹೊರಡುವ ವಯಸ್ಸೂ ಇದೇ. ಟಾರ್ಚ್ ಹಿಡಿದು ಬಲಗಡೆಯ ಕೊನೆಯ ದವಡೆಹಲ್ಲು, ಸುತ್ತಲಿನ ಒಸಡು, ನಾಲಗೆಯ ಅಂಚು ನೋಡಿ. ಬಾಯಿ ತೆರೆಯದಿದ್ದರೆ ಬಲವಂತ ಬೇಡ, ಎರಡೂ ಕೆನ್ನೆಗಳ ಊತ, ಬಿಸಿ ಹೋಲಿಸಿ. ಮಲವಿಸರ್ಜನೆ ಎಷ್ಟು ದಿನದಿಂದ ಆಗಿಲ್ಲ ಎಂಬುದನ್ನೂ ಲೆಕ್ಕ ಹಾಕಿ. ಮಲಬದ್ಧತೆಯ ಹೊಟ್ಟೆನೋವೂ ನಿದ್ದೆ ಕೆಡಿಸುತ್ತದೆ.

ನೋವನ್ನು ಅಳೆಯುವುದಕ್ಕೆ ‘ಫ್ಲ್ಯಾಕ್’ ಎಂಬ ಮಾಪನವಿದೆ. ಮಕ್ಕಳಿಗೆಂದು ಮಾಡಿದ್ದಾದರೂ ಮನೆಯಲ್ಲಿ ದಾಖಲೆ ಇಡಲು ನಿಮಗೆ ಒದಗುತ್ತದೆ. ಮುಖ, ಕಾಲು, ಮೈಯ ಚಲನೆ, ಅಳು, ಸಮಾಧಾನವಾಗುವ ಬಗೆ: ಐದಕ್ಕೂ 0ರಿಂದ (ನೋವಿನ ಗುರುತಿಲ್ಲ) 2ರವರೆಗೆ (ಗುರುತು ಜೋರು) ಅಂಕ, ಒಟ್ಟು 10. 4 ಅಥವಾ ಹೆಚ್ಚು ಬಂದರೆ ನೋವು ಸಣ್ಣದಲ್ಲ. ತಪ್ಪಾಗುವುದು ಇಲ್ಲಿ: ಆರಾಮಾಗಿದ್ದಾಗಲೂ ಮೈ ತೂಗುವವನಿಗೆ ಸುಮ್ಮನೆ ಅಂಕ ಬೀಳುತ್ತದೆ. ಕೆಲವರು ನೋವಿನಲ್ಲಿ ಅಳುವುದೇ ಇಲ್ಲ, ಮಂಕಾಗುತ್ತಾರೆ, ನಗುವವರೂ ಇದ್ದಾರೆ. ಆದ್ದರಿಂದ ಈ ಮಾಪನದ ಪರಿಷ್ಕೃತ ರೂಪದಲ್ಲಿ ಆಯಾ ವ್ಯಕ್ತಿಯದೇ ಗುರುತುಗಳನ್ನು ಮನೆಯವರು ಸೇರಿಸುತ್ತಾರೆ. ನಿಮ್ಮ ಮಗನ ವಿಷಯದಲ್ಲಿ ‘ಬಲಕೆನ್ನೆಗೆ ಹೊಡೆತ’ ಎಂದು ಬರೆಯಿರಿ. ಅವನು ಚೆನ್ನಾಗಿದ್ದ ದಿನ ಹೇಗಿರುತ್ತಾನೆಂದೂ ಪಕ್ಕದಲ್ಲೇ ಬರೆದಿಡಿ, ಹೋಲಿಸಬೇಕಾದದ್ದು ಅದರೊಂದಿಗೆ. ಊಟದ ಹೊತ್ತು, ಹಲ್ಲುಜ್ಜುವಾಗ, ಮಲಗಿಸಿದ ಮೇಲೆ ಐದೈದು ನಿಮಿಷ ಗಮನಿಸಿ.

ವೈದ್ಯರು ತೂಕ ನೋಡಿ ಪ್ಯಾರಾಸಿಟಮಾಲ್ ಬರೆದುಕೊಟ್ಟರೆ, ಕೊಡುವ ಮೊದಲೊಮ್ಮೆ, ಒಂದು ಗಂಟೆಯ ನಂತರ ಇನ್ನೊಮ್ಮೆ ಅಂಕ ಹಾಕಿ. ಇಳಿದರೆ ನೋವೆಂಬುದಕ್ಕೆ ಬಲ ಬಂತು. ಇಳಿಯದಿದ್ದರೆ ನೋವಿಲ್ಲವೆಂದಲ್ಲ. ಕಾರಣ ಹುಡುಕದೆ ನಿದ್ದೆ ಮಾತ್ರೆ ಕೊಡುವುದು ನಮಗೆ ಒಪ್ಪಿಗೆಯಿಲ್ಲ. ನೋವು ಉಳಿಯುತ್ತದೆ, ಅದನ್ನು ತೋರಿಸುವ ಶಕ್ತಿಯಷ್ಟೇ ಹೋಗುತ್ತದೆ.

ಈ ವಾರವೇ ದಂತವೈದ್ಯರಿಗೆ ತೋರಿಸಿ. ಮಣಿಪಾಲ ಅಥವಾ ಮಂಗಳೂರಿನ ಡೆಂಟಲ್ ಕಾಲೇಜಿಗೆ ಹೋಗುವುದಾದರೆ, ಮಂಪರು ಕೊಟ್ಟು ಪರೀಕ್ಷಿಸಲಾದೀತೇ ಎಂದು ಮೊದಲೇ ಫೋನಿನಲ್ಲಿ ಕೇಳಿ. ಕೆನ್ನೆಗೆ ಹೊಡೆದುಕೊಳ್ಳುವುದನ್ನು ಮೊಬೈಲಿನಲ್ಲಿ ವಿಡಿಯೊ ಮಾಡಿಟ್ಟುಕೊಳ್ಳಿ, ಅಲ್ಲಿ ಹೋದಾಗ ಅವನು ಸುಮ್ಮನಿರಬಹುದು. ಜ್ವರದ ಜೊತೆ ಕೆನ್ನೆ ಊದಿದರೆ, ಬಾಯಿ ತೆರೆಯಲಾಗದಿದ್ದರೆ, ನುಂಗಲು ಕಷ್ಟವಾದರೆ ಕಾಯದೆ ಅದೇ ದಿನ ಆಸ್ಪತ್ರೆಗೆ ಕರೆದೊಯ್ಯಿರಿ.