ಮೀನಿನ ಕರುಳು ಮತ್ತು ಕಿಣ್ವ: ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ಮಲ್ಪೆಯಲ್ಲಿ ನಮ್ಮದೊಂದು ಚಿಕ್ಕ ಮೀನು ಕತ್ತರಿಸುವ ಶೆಡ್ ಇದೆ. ತಲೆ, ಕರುಳು, ರೆಕ್ಕೆ ಎಲ್ಲಾ ಒಂದೇ ಡ್ರಮ್ಮಿಗೆ ಹಾಕಿ ಸಂಜೆ ಫಿಶ್‌ಮೀಲ್ ಗಾಡಿಗೆ ಕೊಡುತ್ತೇವೆ. ಮಂಗಳೂರಿನಲ್ಲಿ ಬಯೋಟೆಕ್ನಾಲಜಿ ಓದುತ್ತಿರುವ ಮಗಳು, ಆ ಕರುಳಿನಿಂದ ಒಳ್ಳೆ ಬೆಲೆಯ ಎನ್‌ಜೈಮ್ ತೆಗೆಯಬಹುದು, ನಾವು ಸುಮ್ನೆ ಹಾಳು ಮಾಡುತ್ತಿದ್ದೇವೆ ಅನ್ನುತ್ತಾಳೆ. ನಿಜವಾ? ನಮ್ಮಂಥವರಿಗೆ ಆಗುವ ಕೆಲಸವಾ?

ಉತ್ತರ: ಮಗಳು ಹೇಳಿದ್ದು ನಿಜ. ಎನ್‌ಜೈಮ್ ಅಂದರೆ ಶಾಲೆ ಪುಸ್ತಕದ ಕಿಣ್ವ. ಅದು ಕೆಲಸ ಮಾಡುವುದನ್ನು ನೀವು ನೋಡಿಯೇ ಇದ್ದೀರಿ. ಹೊಟ್ಟೆ ತುಂಬಾ ತಿಂದ ಬೂತಾಯಿ ಬಲೆಗೆ ಬಿದ್ದ ದಿನ ಐಸ್ ಸ್ವಲ್ಪ ಕಡಿಮೆಯಾದರೆ ಸಾಕು, ಕೆಲವೇ ಗಂಟೆಯಲ್ಲಿ ಹೊಟ್ಟೆ ಒಡೆದು ಕರುಳು ಹೊರಗೆ ಬರುತ್ತದೆ, ಅಲ್ವಾ? ಅದು ಬರೀ ಕೊಳೆಯುವುದಲ್ಲ. ಮೀನು ತಿಂದದ್ದನ್ನು ಕರಗಿಸಲು ಇಟ್ಟುಕೊಂಡಿದ್ದ ಕಿಣ್ವ, ಮೀನು ಸತ್ತ ಮೇಲೆ ಅದರ ಹೊಟ್ಟೆಯ ಗೋಡೆಯನ್ನೇ ಕರಗಿಸುತ್ತದೆ.

ಯಾವ ಭಾಗದಲ್ಲಿ ಏನಿದೆ ಅಂತ ತಿಳಿದರೆ ಕತ್ತರಿಸುವಾಗಲೇ ಬೇರೆ ಮಾಡಬಹುದು. ಹೊಟ್ಟೆಯ ಚೀಲದಲ್ಲಿ ಪ್ರೋಟೀನ್ ಕರಗಿಸುವ ಪೆಪ್ಸಿನ್ ಎಂಬ ಕಿಣ್ವ ಇರುತ್ತದೆ, ಅದಕ್ಕೆ ಹುಳಿ ಬೇಕು. ಬಂಗುಡೆಯ ಹೊಟ್ಟೆ ಮುಗಿದು ಕರುಳು ಶುರುವಾಗುವ ಕಡೆ ಶಾವಿಗೆ ಎಳೆಗಳ ಗೊಂಚಲಿನ ಹಾಗೆ ಒಂದು ಭಾಗ ಇರುತ್ತದೆ ನೋಡಿ, ಪ್ರೋಟೀನ್ ಕರಗಿಸುವ ಇನ್ನೆರಡು ಕಿಣ್ವ, ಟ್ರಿಪ್ಸಿನ್, ಕೈಮೋಟ್ರಿಪ್ಸಿನ್ ಸಿಗುವುದು ಅಲ್ಲಿ. ಇವಕ್ಕೆ ಹುಳಿ ಆಗುವುದಿಲ್ಲ, ಪಿಎಚ್ (ಹುಳಿ ಅಳೆಯುವ ಅಂಕಿ, 7ಕ್ಕಿಂತ ಕೆಳಗಿದ್ದರೆ ಹುಳಿ) 8ರ ಆಸುಪಾಸಿನಲ್ಲಿ ಚುರುಕಾಗುತ್ತವೆ. ಕೊಬ್ಬು ಒಡೆಯುವ ಲೈಪೇಸ್ ಕೂಡ ಕರುಳಿನ ಕಡೆಯೇ ಇದೆ. ಸಿಗಡಿಯಿಂದ ಬರುವುದು ಬೇರೆ ಜಾತಿ: ತಣ್ಣನೆ ಸಮುದ್ರದ ಸಿಗಡಿಯಿಂದ ತೆಗೆದ ಆಲ್ಕಲೈನ್ ಫಾಸ್ಫಟೇಸ್ ಎಂಬ ಕಿಣ್ವವನ್ನು ಡಿಎನ್‌ಎ ಲ್ಯಾಬುಗಳು ಬಳಸುತ್ತವೆ, ಕೆಲಸ ಮುಗಿದ ಮೇಲೆ 65 ಡಿಗ್ರಿಗೆ ಬಿಸಿ ಮಾಡಿದರೆ ಅದು ಸತ್ತುಹೋಗುತ್ತದೆ ಅನ್ನುವುದೇ ಅದರ ಬೆಲೆಗೆ ಕಾರಣ. ಐಸ್‌ಲ್ಯಾಂಡ್‌ನಲ್ಲಿ ಕಾಡ್ ಮೀನಿನ ಟ್ರಿಪ್ಸಿನ್‌ನಿಂದ ಚರ್ಮಕ್ಕೆ ಹಚ್ಚುವ ಜೆಲ್ ಮಾಡಿ ಮಾರಿದ್ದಾರೆ.

ಇಲ್ಲಿ ಒಂದು ವಿಷಯ ಬಿಚ್ಚಿ ಹೇಳಬೇಕು. ಆ ಮೀನುಗಳು ಬದುಕುವುದು ಕೊರೆಯುವ ನೀರಿನಲ್ಲಿ, ಹಾಗಾಗಿ ಅವುಗಳ ಕಿಣ್ವ ಚಳಿಯಲ್ಲೂ ಜೋರಾಗಿ ಕೆಲಸ ಮಾಡುತ್ತದೆ, ಗಿರಾಕಿ ದುಡ್ಡು ಕೊಡುವುದು ಆ ಗುಣಕ್ಕೆ. ನಮ್ಮ ಕಡಲು ಬೆಚ್ಚಗಿನದು. ನಮ್ಮ ಮೀನಿನ ಟ್ರಿಪ್ಸಿನ್ ಹೆಚ್ಚಾಗಿ 50ರಿಂದ 60 ಡಿಗ್ರಿಯಲ್ಲಿ ಚೆನ್ನಾಗಿ ನಡೆಯುತ್ತದೆ. ಅಂಥ ಕೆಲಸಕ್ಕೆ ಬ್ಯಾಕ್ಟೀರಿಯಾವನ್ನು ಸ್ಟೀಲ್ ಟ್ಯಾಂಕಿನಲ್ಲಿ ಬೆಳೆಸಿ ತೆಗೆದ ಕಿಣ್ವ ಅಗ್ಗಕ್ಕೆ ಸಿಗುತ್ತದೆ, ಬಟ್ಟೆ ಸೋಪಿನ ಪುಡಿಯಲ್ಲಿ ಇರುವುದು ಅದೇ. ಅದರ ಜೊತೆ ಬೆಲೆಯಲ್ಲಿ ಪೈಪೋಟಿಗೆ ಇಳಿಯಬೇಡಿ.

ತೆಗೆಯುವ ವಿಧಾನ ಹೇಳುತ್ತೇನೆ. ಕರುಳನ್ನು ತೊಳೆದು, ತಣ್ಣಗಿನ ಬಫರ್ ದ್ರಾವಣದಲ್ಲಿ (ಪಿಎಚ್ ಏರಿಳಿಯದಂತೆ ಹಿಡಿದಿಡುವ ನೀರು) ರುಬ್ಬಿ, ಕೊಬ್ಬು ಬೇರೆ ಮಾಡಿ, ಸೆಂಟ್ರಿಫ್ಯೂಜಿನಲ್ಲಿ ತಿರುಗಿಸಿ, ಮೇಲಿನ ತಿಳಿಗೆ ಅಮೋನಿಯಂ ಸಲ್ಫೇಟ್ ಹಾಕಿದರೆ ಪ್ರೋಟೀನ್ ಕೆಳಗೆ ಕೂರುತ್ತದೆ, ಆಮೇಲೆ ಉಪ್ಪು ತೆಗೆದು, ಶುದ್ಧ ಮಾಡಿ, ತಣ್ಣಗೆ ಇಟ್ಟೇ ಒಣಗಿಸಬೇಕು. ಪ್ರತಿ ಹಂತದಲ್ಲೂ ಸ್ವಲ್ಪ ಸ್ವಲ್ಪ ಕಿಣ್ವ ಕಳೆದುಹೋಗುತ್ತದೆ. ಒಮ್ಮೆ ನಾನು ಬಂದರಿನಿಂದ ಐಸ್ ಹಾಕದ ಚೀಲದಲ್ಲಿ ಕರುಳು ತರಿಸಿದ್ದೆ. ಲ್ಯಾಬಿಗೆ ಬಂದು ಬಿಚ್ಚಿದರೆ ಅರ್ಧ ಗಂಜಿ. ಅದರಲ್ಲಿ ಉಪಯೋಗಕ್ಕೆ ಬರುವ ಕಿಣ್ವ ಹೆಚ್ಚು ಉಳಿದಿರಲಿಲ್ಲ, ಏಕೆಂದರೆ ಟ್ರಿಪ್ಸಿನ್ ಕೂಡ ಪ್ರೋಟೀನೇ, ಒಂದನ್ನೊಂದು ತಿಂದುಹಾಕುತ್ತದೆ. ಕತ್ತಿ ಆಡಿದ ಕೂಡಲೇ ಕರುಳನ್ನು ಬೇರೆ ಬುಟ್ಟಿಗೆ ಹಾಕಿ ಐಸ್ ಕೊಟ್ಟರೆ ಮಾತ್ರ ಉಳಿದ ಮಾತು.

ಹಾಗಾಗಿ ನಿಮ್ಮ ಶೆಡ್ಡಿಗೆ ನನ್ನ ಸಲಹೆ ಬೇರೆ. ಕಿಣ್ವವನ್ನು ಹೊರಗೆ ತೆಗೆಯಬೇಡಿ, ಇದ್ದಲ್ಲೇ ಕೆಲಸಕ್ಕೆ ಹಚ್ಚಿ. ಅದಕ್ಕೆ ಸೈಲೇಜ್ ಅನ್ನುತ್ತಾರೆ. ತಲೆ, ಕರುಳು ಎಲ್ಲಾ ಸೇರಿಸಿ ಚೆನ್ನಾಗಿ ಅರೆದು, 100 ಕಿಲೋಗೆ 85 ಶೇಕಡಾ ಫಾರ್ಮಿಕ್ ಆಸಿಡ್ ಮೂರೂವರೆ ಕಿಲೋ ಬೆರೆಸಿ ಪ್ಲಾಸ್ಟಿಕ್ ಡ್ರಮ್ಮಿನಲ್ಲಿ ಇಡುವುದು. ಕಬ್ಬಿಣದ ಡ್ರಮ್ ಬೇಡ. ಪಿಎಚ್ 4ಕ್ಕಿಂತ ಕೆಳಗೆ ಇರಬೇಕು, ಪಟ್ಟಿ ಅದ್ದಿ ನೋಡಿ. ಹುಳಿಯಲ್ಲಿ ಕೊಳೆಸುವ ಬ್ಯಾಕ್ಟೀರಿಯಾ ಸುಮ್ಮನಾಗುತ್ತದೆ, ಹೊಟ್ಟೆಯ ಪೆಪ್ಸಿನ್ ಎಚ್ಚರಾಗುತ್ತದೆ. 20 ಡಿಗ್ರಿಯಲ್ಲೇ ಸುಮಾರು ಎರಡು ದಿನಕ್ಕೆ ತಾಜಾ ಮಾಲು ನೀರಾಗುತ್ತದೆ, ನಮ್ಮ ಸೆಕೆಗೆ ಇನ್ನೂ ಬೇಗ. ದಿನಾ ಕದಡಬೇಕು. ಬರೀ ತಲೆ, ಮುಳ್ಳು ಹಾಕಿದರೆ ಸರಿಯಾಗಿ ಕರಗುವುದಿಲ್ಲ, ಕರುಳು ಬೇಕೇ ಬೇಕು. ಹಂದಿಗೆ, ಕೋಳಿಗೆ, ಮೀನು ಸಾಕುವವರ ಆಹಾರಕ್ಕೆ ಇದನ್ನು ಬೇರೆ ಪದಾರ್ಥದ ಜೊತೆ ಬೆರೆಸುತ್ತಾರೆ. ಬೂತಾಯಿ ಮಾಲಾದರೆ ಮೇಲೆ ತೇಲುವ ಎಣ್ಣೆ ತೆಗೆದುಬಿಡಿ, ಇಲ್ಲದಿದ್ದರೆ ಕೆಟ್ಟ ವಾಸನೆ ಹಿಡಿಯುತ್ತದೆ. ಮತ್ತೆ ದಯವಿಟ್ಟು ಕೈಗವಸು, ಕನ್ನಡಕ ಇಲ್ಲದೆ ಆಸಿಡ್ ಮುಟ್ಟಬೇಡಿ, ಕತ್ತರಿಸಲು ಬರುವ ಹೆಂಗಸರ ಕೈಗೂ ಕೊಡಬೇಡಿ. ಅವರ ಬೆರಳಿನಲ್ಲಿ ಮುಳ್ಳು ಚುಚ್ಚಿದ ಗಾಯ ಯಾವಾಗಲೂ ಇರುತ್ತದೆ.

ಬೊಂಡಾಸ್ (ಸ್ಕ್ವಿಡ್) ಕರುಳನ್ನು ಇದಕ್ಕೆ ಸೇರಿಸಬೇಡಿ. ಅದರ ಲಿವರ್‌ನಂಥ ಜೀರ್ಣಗ್ರಂಥಿಯಲ್ಲಿ ಕ್ಯಾಡ್ಮಿಯಂ ಎಂಬ ವಿಷಕಾರಿ ಲೋಹ ಜಾಸ್ತಿ ಕೂಡಿಕೊಳ್ಳುತ್ತದೆ, ಪರೀಕ್ಷೆ ಮಾಡಿಸದೆ ಪ್ರಾಣಿಗಳ ಆಹಾರಕ್ಕೆ ಹೋಗಬಾರದು.

ಮಗಳಿಗೆ ಆಸೆ ಇದ್ದರೆ ಬಿಡಿಸಬೇಡಿ. ಮಂಗಳೂರಿನ ಮೀನುಗಾರಿಕಾ ಕಾಲೇಜು 1969ರಿಂದ ಇದೆ, ಅಲ್ಲಿ ಮಾತಾಡಲಿ. ಕೊಚ್ಚಿಯ ಕೇಂದ್ರೀಯ ಮೀನುಗಾರಿಕಾ ತಂತ್ರಜ್ಞಾನ ಸಂಸ್ಥೆಯಲ್ಲೂ ಕೇಳಲಿ. ಮಿಷಿನ್ ಕೊಳ್ಳುವ ಮೊದಲು ಕೊಳ್ಳುವವರು ಯಾರು ಅಂತ ಖಚಿತ ಮಾಡಿಕೊಳ್ಳಿ.

ಪ್ರಶ್ನೆ: ಶಂಕರಪುರದಲ್ಲಿ ನಮ್ಮದು ಹದಿನೈದು ಮಲ್ಲಿಗೆ ಗಿಡ. ಮೀನಿನ ತ್ಯಾಜ್ಯಕ್ಕೆ ಬೆಲ್ಲ ಹಾಕಿ ಗೊಬ್ಬರ ಮಾಡುತ್ತಾರಂತೆ. ಅದರಲ್ಲೂ ಇದೇ ಕಿಣ್ವದ ಕೆಲಸವಾ?

ಉತ್ತರ: ಹೌದು, ಆದರೆ ಹುಳಿ ಕೊಡುವುದು ಇಲ್ಲಿ ಆಸಿಡ್ ಅಲ್ಲ, ಬೆಲ್ಲ ತಿಂದು ಬೆಳೆಯುವ ಬ್ಯಾಕ್ಟೀರಿಯಾ. ತೂಕಕ್ಕೆ ತೂಕ ಬೆಲ್ಲ ಹಾಕಿ, ಜಿಪುಣತನ ಮಾಡಿದರೆ ಹುಳ ಬೀಳುತ್ತದೆ. ಬಾಯಿಗೆ ಬಟ್ಟೆ ಕಟ್ಟಿ ನೆರಳಿನಲ್ಲಿ ಒಂದು ತಿಂಗಳು ಇಟ್ಟು ಸೋಸಿ, ಲೀಟರ್ ನೀರಿಗೆ ಎರಡು ಮೂರು ಮಿಲಿ ಮಾತ್ರ ಬೆರೆಸಿ. ಬುಡಕ್ಕೆ ಹಾಕಿ, ಮೊಗ್ಗಿನ ಮೇಲೆ ಬೇಡ. ಚೆಂಡು ಕಟ್ಟುವಾಗ ಹೂವಿನಲ್ಲಿ ಮೀನಿನ ವಾಸನೆ ಬರಬಾರದು.

ಪ್ರಶ್ನೆ: ಫ್ರೀಜರ್‌ನಲ್ಲಿ ಇಟ್ಟ ಮೀನಿನ ಕಿಣ್ವ ಸಾಯುತ್ತದಾ? (ಕಾಪು)

ಉತ್ತರ: ಇಲ್ಲ, ತುಂಬಾ ನಿಧಾನ ಆಗುತ್ತದೆ ಅಷ್ಟೇ. ಹೊರಗೆ ತೆಗೆದು ಐಸ್ ಬಿಟ್ಟ ಕೂಡಲೇ ಮತ್ತೆ ಶುರು ಮಾಡುತ್ತದೆ. ಅದಕ್ಕೇ ಕರುಳು ತೆಗೆದು ತೊಳೆದೇ ಫ್ರೀಜರ್‌ಗೆ ಇಡಿ.