ಸ್ಪಿಂಡಲ್ ಚಿಲ್ಲರನ್ನು ಮಾತ್ರ ಕರೆಂಟ್ ಕಡಿಯುವ ಕಾಂಟ್ಯಾಕ್ಟರಿಗೆ ಕಟ್ಟಬೇಡಿ

ಸಿಎನ್‌ಸಿ ಮಷಿನ್ (ಕಂಪ್ಯೂಟರ್ ಹೇಳಿದಂತೆ ಲೋಹ ಕಡಿಯುವ ಯಂತ್ರ) ಸುಮ್ಮನೆ ನಿಂತಾಗ ಎಳೆಯುವ ಕರೆಂಟನ್ನು ತಾನಾಗಿ ಕಡಿಯುವ ವ್ಯವಸ್ಥೆ ಮಾಡಬೇಕು, ಅದಕ್ಕೆ ಟೈಮರ್ ಸಾಕೋ ಮಷಿನ್ ಲರ್ನಿಂಗ್ ಬೇಕೋ ಅಂತ ನಿಮ್ಮ ಎಂ.ಟೆಕ್ ಪ್ರಾಜೆಕ್ಟಿಗೆ ಕೇಳಿದ್ದೀರಿ. ಅದು ಆಮೇಲಿನ ಮಾತು. ತಮಿಳುನಾಡಿನ ಹೊಸೂರಿನ ಸಿಪ್ಕಾಟ್ ಕೈಗಾರಿಕಾ ಪ್ರದೇಶದ ಪಕ್ಕದ ಒಂದು ಶೀಟಿನ ಶೆಡ್ಡಿನಲ್ಲಿ ನಾವು ಇದನ್ನೇ ಕಟ್ಟಿದ್ದೆವು. ಕರೆಂಟ್ ಉಳಿಯಿತು, ಕಾಸ್ಟಿಂಗ್ ಗುಜರಿಗೆ ಹೋಯಿತು.

ಮಷಿನ್ ಒಂದು ಬಿಟಿ-40 ವಿಎಂಸಿ, ಅಂದರೆ ಟೂಲು ತಿರುಗಿಸುವ ಸ್ಪಿಂಡಲ್ ನೆಟ್ಟಗೆ ನಿಂತ ಮ್ಯಾಚಿನಿಂಗ್ ಸೆಂಟರ್. ಜಾಬು ಬೀಡುಕಬ್ಬಿಣದ ಬೇರಿಂಗ್ ಹೌಸಿಂಗು: 6206 ಬೇರಿಂಗ್ ಕೂರುವ 62 ಎಂಎಂ ಬೋರ್ ಎರಡು, ಅವುಗಳ ಸೆಂಟರಿನಿಂದ ಸೆಂಟರಿಗೆ 84 ಎಂಎಂ. ಹಿಂದಿನ ಆಪರೇಶನ್ನಿನಲ್ಲೇ ರೀಮ್ ಆಗಿ ಬಂದ ಡೋವೆಲ್ ತೂತಿನಿಂದ (ಜೋಡಿಸುವಾಗ ಜಾಗ ಹಿಡಿಯುವ ಪಿನ್ನಿನ ತೂತು) ಬೋರ್ ಸೆಂಟರಿಗೆ ವೈ ದಿಕ್ಕಿನಲ್ಲಿ, ಅಂದರೆ ಆಪರೇಟರಿಗೆ ಹಿಂದೆ-ಮುಂದೆ, ±0.02 ಎಂಎಂ (20 ಮೈಕ್ರಾನ್) ಹೆಚ್ಚುಕಮ್ಮಿ ಬಿಟ್ಟುಕೊಟ್ಟಿದ್ದರು.

ಪವರ್ ಮೀಟರ್ ಹಾಕಿ ನೋಡಿದಾಗ, ಕಟಿಂಗ್ ಇಲ್ಲದೆ ಬರೀ ರೆಡಿಯಾಗಿ ನಿಂತ ಮಷಿನ್ 3.8 ಕಿಲೋವ್ಯಾಟ್ ಎಳೆಯುತ್ತಿತ್ತು. ಹೈಡ್ರಾಲಿಕ್ ಪಂಪು 0.8, ಚಿಪ್ಸ್ ತೊಳೆಯುವ ಪಂಪು 0.7, ಕನ್ವೇಯರ್ 0.2, ಸ್ಪಿಂಡಲ್ ಸುತ್ತ ತಣ್ಣನೆ ಎಣ್ಣೆ ಹರಿಸುವ ಚಿಲ್ಲರ್ 0.9, ಉಳಿದ 1.2 ಡ್ರೈವು, ಕಂಟ್ರೋಲರ್, ಪ್ಯಾನೆಲ್ ಎಸಿಯದ್ದು. ಇದೇನು ಹೊಸ ಸಂಗತಿಯಲ್ಲ. ಎಂಐಟಿಯ ಟಿಮೊಥಿ ಗುಟೌಸ್ಕಿ ತಂಡ 2006ರಲ್ಲೇ ಟೊಯೊಟಾದ ಒಂದು ಮ್ಯಾಚಿನಿಂಗ್ ಲೈನಿನ ಲೆಕ್ಕ ಕೊಟ್ಟು, ನಿಜವಾದ ಕಟಿಂಗಿಗೆ ಹೋಗುವುದು ಹೆಚ್ಚೆಂದರೆ ಶೇ 14.8 ಅಂದಿತ್ತು. ನೀವೂ ಅದನ್ನು ಓದಿಯೇ ಹೊರಟಿರಬೇಕು, ನಾವೂ ಹಾಗೆಯೇ ಹೊರಟದ್ದು.

ಅಂದಹಾಗೆ, ಟಾಂಗ್ ಟೆಸ್ಟರಿನಲ್ಲಿ (ವೈರಿಗೆ ಕಚ್ಚಿಸುವ ಮೀಟರ್) ಆಂಪಿಯರ್ ಓದಿ ಕಿಲೋವ್ಯಾಟ್ ಬರೆಯುವವರನ್ನು ಬೇಕಾದಷ್ಟು ನೋಡಿದ್ದೇನೆ. ಲೋಡಿಲ್ಲದ ಇಂಡಕ್ಷನ್ ಮೋಟರಿನ ಪವರ್ ಫ್ಯಾಕ್ಟರ್ (ಎಳೆದದ್ದರಲ್ಲಿ ನಿಜವಾಗಿ ಖರ್ಚಾಗುವ ಪಾಲು) 0.3ರ ಆಸುಪಾಸು ಇರುತ್ತದೆ. 415 ವೋಲ್ಟಿನಲ್ಲಿ 2.2 ಆಂಪಿಯರ್ ಕಂಡರೆ ಅದು 1.6 ಕಿಲೋವ್ಯಾಟ್ ಅಲ್ಲ, ಅರ್ಧ ಕಿಲೋವ್ಯಾಟೂ ಇಲ್ಲ. ಮೂರೂ ಫೇಸಿನ ಪವರ್ ಅಳೆಯುವ ಮೀಟರ್ ಬಾಡಿಗೆಗಾದರೂ ತನ್ನಿ.

ಈಗ ತಪ್ಪಿಗೆ ಬರುತ್ತೇನೆ. 5 ನಿಮಿಷ ಸೈಕಲ್ ಸ್ಟಾರ್ಟ್ ಒತ್ತದಿದ್ದರೆ ಒಂದು ರಿಲೇ ಬಿದ್ದು, ಒಂದು ಕಾಂಟ್ಯಾಕ್ಟರ್ (ಲೋಡಿನ ಕರೆಂಟ್ ಕೂಡಿಸಿ ಕಡಿಯುವ ದೊಡ್ಡ ಸ್ವಿಚ್ಚು) ಬಿಡಬೇಕು ಅಂತ ಮಾಡಿದ್ದೆವು. ಆ ಒಂದೇ ಕಾಂಟ್ಯಾಕ್ಟರಿಗೆ ಹೈಡ್ರಾಲಿಕ್, ತೊಳೆಯುವ ಪಂಪು, ಕನ್ವೇಯರ್ ಮೂರನ್ನೂ ಕಟ್ಟಿದೆವು. ಜೊತೆಗೆ ಚಿಲ್ಲರನ್ನೂ. ಪ್ಯಾನೆಲಿನಲ್ಲಿ ಅದರ ಟರ್ಮಿನಲ್ ಪಕ್ಕದಲ್ಲೇ ಇತ್ತು, ಒಂದು ಗೇಣು ವೈರು ಸಾಕಾಯಿತು. ಇಷ್ಟೇ ಕಾರಣ, ಇದರ ಹಿಂದೆ ಬೇರೆ ಯಾವ ಲೆಕ್ಕವೂ ಇರಲಿಲ್ಲ.

ಉಳಿದ ಮೂರೂ ಕೆಲಸ ಮಾಡುವ ಯಂತ್ರಗಳು. ಕೆಲಸವಿಲ್ಲದಾಗ ಮಲಗಿದರೆ ನಷ್ಟವಿಲ್ಲ; ಹೈಡ್ರಾಲಿಕ್ಕಿಗೆ ಒಂದು ಷರತ್ತಿದೆ, ಕೊನೆಯಲ್ಲಿ ಹೇಳುತ್ತೇನೆ. ಚಿಲ್ಲರ್ ಹಾಗಲ್ಲ. ಅದರ ಕೆಲಸವೇ ಮಷಿನ್ನಿನ ಅಳತೆಯನ್ನು ಹಿಡಿದಿಡುವುದು. ಸ್ಪಿಂಡಲ್ 6000 ಆರ್‌ಪಿಎಂನಲ್ಲಿ ಗಂಟೆಗಟ್ಟಲೆ ಓಡಿ ನಿಂತ ಕೂಡಲೇ ಬೇರಿಂಗಿನ ಬಿಸಿ ಎಲ್ಲಿಗೂ ಹೋಗಿರುವುದಿಲ್ಲ. ಸುತ್ತ ಹರಿಯುವ ಎಣ್ಣೆ ನಿಂತರೆ ಆ ಬಿಸಿ ಹೆಡ್ಡಿನ, ಅಂದರೆ ಕಾಲಮ್ಮಿನಿಂದ (ಹಿಂದಿನ ಕಂಬ) ಮುಂದೆ ಚಾಚಿ ಸ್ಪಿಂಡಲ್ ಹಿಡಿದ ಭಾಗದ, ಎರಕಕ್ಕೆ ಇಳಿಯುತ್ತದೆ. ಅರ್ಧ ಗಂಟೆಯ ಊಟದ ಬಿಡುವಿನಲ್ಲಿ ಮುಂಬೇರಿಂಗಿನ ಹತ್ತಿರ 6 ಡಿಗ್ರಿ, ಕಾಲಮ್ಮಿನ ಹತ್ತಿರ 2 ಡಿಗ್ರಿ ಏರಿತು, ಸರಾಸರಿ 4 ಹಿಡಿಯಿರಿ. ಕಾಲಮ್ಮಿನ ಮುಖದಿಂದ ಸ್ಪಿಂಡಲ್ ಸೆಂಟರಿಗೆ 480 ಎಂಎಂ. ಬೀಡುಕಬ್ಬಿಣ ಮೀಟರಿಗೆ, ಡಿಗ್ರಿಗೆ 11 ಮೈಕ್ರಾನ್ ಹಿಗ್ಗುತ್ತದೆ. 0.48 × 4 × 11, ಅಂದರೆ 21 ಮೈಕ್ರಾನ್. ನಮಗೆ ಬಿಟ್ಟುಕೊಟ್ಟದ್ದು 20. ಸ್ಪಿಂಡಲ್ ಆಪರೇಟರಿನ ಕಡೆಗೆ ಅಷ್ಟು ಮುಂದೆ ಬಂದು ನಿಂತಿದ್ದರೂ ಸ್ಕ್ರೀನಿನಲ್ಲಿ ವೈ ಅಂಕಿ ಅಲ್ಲಾಡುವುದಿಲ್ಲ. ಸ್ಕ್ರೀನು ನೋಡುವುದು ಬಾಲ್ ಸ್ಕ್ರೂ ತಿರುಗಿದ್ದನ್ನು, ಹೆಡ್ಡು ಹಿಗ್ಗಿದ್ದನ್ನಲ್ಲ.

ಇದು ಮೂರು ವಾರ ಗೊತ್ತೇ ಆಗಲಿಲ್ಲ ಅನ್ನುವುದು ಇನ್ನೂ ಬೇಸರದ ಮಾತು. ಇನ್‌ಸ್ಪೆಕ್ಷನ್ನಿನಲ್ಲಿ ನೋಡುತ್ತಿದ್ದದ್ದು ಬೋರಿನ ಸೈಜು ಮತ್ತು 84 ಎಂಎಂ ಸೆಂಟರ್ ದೂರ. ಹೆಡ್ಡು ಸರಿದರೆ ಎರಡು ಬೋರೂ ಒಟ್ಟಿಗೇ ಸರಿಯುತ್ತವೆ, ನಡುವಿನ ದೂರ ಕದಲುವುದಿಲ್ಲ. "ಅಣ್ಣಾ, ಸೆಂಟರ್ ಓಕೆ" ಅಂತ ದಿನವೂ ಸಹಿ ಬೀಳುತ್ತಿತ್ತು. ಡೋವೆಲಿನಿಂದ ಅಳೆಯಲು ಸಿಎಂಎಂ (ಮೂರೂ ದಿಕ್ಕಿನ ಅಳತೆ ಯಂತ್ರ) ಬೇಕು, ಅದಕ್ಕೆ ದಿನಕ್ಕೊಂದೇ ಪೀಸು ಹೋಗುತ್ತಿತ್ತು, ಅದೂ ಬೆಳಿಗ್ಗೆಯದ್ದು. ಬೆಳಿಗ್ಗೆ 20 ನಿಮಿಷ ವಾರ್ಮ್ ಅಪ್ ಮಾಡಿಯೇ ಆಫ್‌ಸೆಟ್ (ಜಾಬ್ ಎಲ್ಲಿದೆ ಅಂತ ಮಷಿನ್ನಿಗೆ ಹೇಳುವ ಅಂಕಿ) ಕೊಡುವುದರಿಂದ ಆ ಪೀಸು ಯಾವಾಗಲೂ ಸರಿ. ಊಟ ಮುಗಿಸಿ ಬಂದವರು ವಾರ್ಮ್ ಅಪ್ ಮಾಡುತ್ತಾರೆಯೇ? ಅಸೆಂಬ್ಲಿಯಲ್ಲಿ ಶಾಫ್ಟ್ ಬಿಗಿಯಾಗಿ ದೂರು ಬಂದ ಮೇಲೆ ಸ್ಟಾಕನ್ನೆಲ್ಲ ಅಳೆದೆವು. ಪೀಸಿನ ಮೇಲೆ ಕ್ರಮಸಂಖ್ಯೆ ಬರೆದಿರಲಿಲ್ಲ, ಹಾಗಾಗಿ ಯಾವುದು ಊಟದ ನಂತರದ್ದು ಅಂತ ಬೇರ್ಪಡಿಸಲಾಗದೆ ಒಂದೊಂದನ್ನೂ ಅಳೆಯಬೇಕಾಯಿತು. ನಿಮ್ಮ ಟ್ರಯಲ್ಲಿನಲ್ಲಿ ಮಾರ್ಕರಿನಿಂದಾದರೂ ಪ್ರತಿ ಪೀಸಿಗೆ ನಂಬರ್ ಮತ್ತು ಹೊತ್ತು ಬರೆಯಿರಿ.

ಲೆಕ್ಕ ನೋಡಿ. ಶಿಫ್ಟಿಗೆ 75 ನಿಮಿಷ ಮಷಿನ್ ಖಾಲಿ. ಚಿಲ್ಲರ್ ನಿಲ್ಲಿಸಿ ಉಳಿಸಿದ್ದು 1.1 ಯೂನಿಟ್, ಯೂನಿಟ್ಟಿಗೆ 8 ರೂಪಾಯಿ ಹಿಡಿದರೆ 9 ರೂಪಾಯಿ. ಅದಕ್ಕೆ ತೆತ್ತದ್ದು ಶಿಫ್ಟಿಗೆ ನಾಲ್ಕೈದು ಹೌಸಿಂಗು, ಒಂದೊಂದಕ್ಕೆ 380 ರೂಪಾಯಿ. ಉಳಿದ ಮೂರು ಲೋಡಿನ 17 ರೂಪಾಯಿ ಮಾತ್ರ ನ್ಯಾಯವಾದ ಉಳಿತಾಯ.

ಆದ್ದರಿಂದ ನಿಮ್ಮ ಪ್ರಶ್ನೆಯ ಬುಡವನ್ನೇ ನಾನು ಒಪ್ಪುವುದಿಲ್ಲ. ಖಾಲಿ ನಿಂತಾಗ ಹೋಗುವ ಕರೆಂಟೆಲ್ಲ ದಂಡವಲ್ಲ. ನಿಖರ ಮ್ಯಾಚಿನಿಂಗಿನಲ್ಲಿ ತಪ್ಪಿನ ಶೇ 40ರಿಂದ 70 ಶಾಖದ್ದು ಅಂತ ಅಮೆರಿಕದ ನಿಖರ ಯಂತ್ರಗಳ ತಜ್ಞ ಜೇಮ್ಸ್ ಬ್ರಯನ್ 1990ರಲ್ಲಿ ಬರೆದರು. ಮಷಿನ್ ಟೂಲುಗಳ ಶಕ್ತಿ ಬಳಕೆಗೆಂದೇ ಇರುವ ಅಂತರರಾಷ್ಟ್ರೀಯ ಮಾನಕ ಐಎಸ್‌ಒ 14955ರ ಮೊದಲ ಭಾಗ ಬಂದದ್ದು 2014ರಲ್ಲಿ. ಈ ಎರಡನ್ನೂ ಒಂದೇ ಮೇಜಿನ ಮೇಲಿಟ್ಟು ಓದಿ. ನಿಮ್ಮ ಅಳತೆಗೋಲು ಗಂಟೆಗೆ ಎಷ್ಟು ಯೂನಿಟ್ ಅಂತ ಇರಬಾರದು, ಪಾಸಾದ ಒಂದು ಪೀಸಿಗೆ ಎಷ್ಟು ಯೂನಿಟ್ ಅಂತ ಇರಲಿ.

ಟೈಮರೋ ಲರ್ನಿಂಗೋ ಅಂದಿರಲ್ಲ, ಟೀ ಬೆಲ್ಲು ದಿನವೂ ಹತ್ತೂವರೆಗೆ ಹೊಡೆಯುತ್ತದೆ. ಅದನ್ನು ಊಹಿಸಲು ನ್ಯೂರಲ್ ನೆಟ್‌ವರ್ಕ್ ಯಾಕೆ? ಒಂದೊಂದು ಲೋಡಿಗೆ ಒಂದೊಂದು ಕಾಂಟ್ಯಾಕ್ಟರ್ ಹಾಕಿ. ಕನ್ವೇಯರ್, ತೊಳೆಯುವ ಪಂಪು, ಏರ್ ಬ್ಲೋ ಕೂಡಲೇ ನಿಲ್ಲಲಿ. ಚಿಲ್ಲರ್ ಮತ್ತು ಪ್ಯಾನೆಲ್ ಎಸಿ ಶಿಫ್ಟ್ ಮುಗಿಯುವವರೆಗೆ ಓಡಲಿ. ಚಿಲ್ಲರಿನ ಕರೆಂಟೂ ಕಣ್ಣು ಕುಕ್ಕುತ್ತಿದ್ದರೆ ಇನ್ವರ್ಟರ್ ಚಿಲ್ಲರ್ ಹಾಕಿ ಕಡಿಮೆ ವೇಗದಲ್ಲಿ ಓಡಿಸಿ, ಆಫ್ ಮಾಡಬೇಡಿ.

ಯಾವುದರ ಕರೆಂಟನ್ನೇ ಕಡಿಯುವ ಮೊದಲು ಡ್ರಿಫ್ಟ್ ಟೆಸ್ಟ್ ಮಾಡಿ, ಅಂದರೆ ಬಿಸಿಗೆ ಸ್ಪಿಂಡಲ್ ಎಷ್ಟು ಸರಿಯುತ್ತದೆ ಅಂತ ಅಳೆಯಿರಿ. ಪೂರ್ತಿ ವಿಧಾನ ಐಎಸ್‌ಒ 230-3ರಲ್ಲಿದೆ; ಶೆಡ್ಡಿಗೆ ಇಷ್ಟು ಸಾಕು: ಸ್ಪಿಂಡಲಿಗೆ ಟೆಸ್ಟ್ ಬಾರ್ (ಅಳತೆಗೆಂದೇ ಮಾಡಿದ ನಿಖರ ಸರಳು), ಟೇಬಲಿನ ಮೇಲೆ 1 ಮೈಕ್ರಾನ್ ಡಯಲ್ ವೈಗೊಂದು, ಝಡ್‌ಗೊಂದು. ಥರ್ಮೋಕಪಲ್ (ತಾಪಮಾನ ಅಳೆಯುವ ವೈರು) ಐದು: ಮುಂಬೇರಿಂಗ್, ಹೆಡ್ಡಿನ ಬುಡ, ಕಾಲಮ್, ಬಾಲ್ ಸ್ಕ್ರೂ ನಟ್, ಶೆಡ್ಡಿನ ಗಾಳಿ. ಎರಡು ಗಂಟೆ ಓಡಿಸಿ, ಅರ್ಧ ಗಂಟೆ ನಿಲ್ಲಿಸಿ, ಮತ್ತೆ ಒಂದೂವರೆ ಗಂಟೆ ಓಡಿಸಿ. 5 ನಿಮಿಷಕ್ಕೊಮ್ಮೆ ಒಂದರೆಗಳಿಗೆ ನಿಲ್ಲಿಸಿ ಓದಿ. ಆ ಅರ್ಧ ಗಂಟೆಯ ಬಿಡುವಿನಲ್ಲಿ ಒಮ್ಮೆ ಚಿಲ್ಲರ್ ಆನ್, ಇನ್ನೊಮ್ಮೆ ಆಫ್. ಥರ್ಮೋಕಪಲನ್ನು ಪೇಂಟಿನ ಮೇಲೆ ಟೇಪ್ ಹಾಕಿ ಅಂಟಿಸಿದರೆ ಅದು ಫ್ಯಾನಿನ ಗಾಳಿಯನ್ನು ಅಳೆಯುತ್ತದೆ. ಪೇಂಟ್ ಕೆರೆದು, ಥರ್ಮಲ್ ಪೇಸ್ಟ್ ಹಚ್ಚಿ ಕೂರಿಸಿ. ಹೊಸೂರು 900 ಮೀಟರ್ ಎತ್ತರದಲ್ಲಿದೆ, ಜನವರಿ ಬೆಳಿಗ್ಗೆಗೂ ಮಧ್ಯಾಹ್ನದ ಶೀಟಿನ ಕಾವಿಗೂ ಅಜಗಜಾಂತರ; ಒಂದೇ ಹೊತ್ತಿನ ಟೆಸ್ಟ್ ನಂಬಬೇಡಿ.

ಲರ್ನಿಂಗ್ ಸೇರಿಸಲೇಬೇಕು ಅಂತ ಗೈಡ್ ಹಠ ಹಿಡಿದರೆ ಇಲ್ಲಿ ಸೇರಿಸಿ: ಐದು ತಾಪಮಾನದಿಂದ ವೈ ಸರಿತ ಊಹಿಸಿ ವರ್ಕ್ ಆಫ್‌ಸೆಟ್ಟಿಗೆ ಬರೆಯುವುದು. ಸಾದಾ ರಿಗ್ರೆಶನ್ನೇ (ಅಳೆದ ಅಂಕಿಗಳಿಗೆ ಹೊಂದುವ ಸೂತ್ರ ಕೂರಿಸುವುದು) ಸಾಕಾಗುತ್ತದೆ. ಒಂದು ಸಲಕ್ಕೆ 3 ಮೈಕ್ರಾನ್ ಮೀರಿ ತಿದ್ದಬಾರದು, ಫಿನಿಶ್ ಬೋರಿಂಗ್ ನಡುವೆ ತಿದ್ದಲೇಬಾರದು.

ಹೈಡ್ರಾಲಿಕ್ ಪಂಪನ್ನು ಯಾವ ಪಟ್ಟಿಗೂ ಸೇರಿಸದೆ ಬಿಟ್ಟದ್ದು ಬೇಕೆಂದೇ. ಫಿಕ್ಸ್‌ಚರ್ ಕ್ಲ್ಯಾಂಪೂ ಅದರಲ್ಲೇ ನಡೆಯುವುದಾದರೆ, ಜಾಬ್ ಹಿಡಿಸಿ 60 ಬಾರ್ ಒತ್ತಡದಲ್ಲಿ ಪಂಪು ನಿಲ್ಲಿಸಿ, ಅರ್ಧ ಗಂಟೆ ಗೇಜ್ ನೋಡಿ. ಮುಳ್ಳು 55ಕ್ಕಿಂತ ಕೆಳಗಿಳಿದರೆ ಚೆಕ್ ವಾಲ್ವೋ (ಎಣ್ಣೆ ಹಿಂದಕ್ಕೆ ಹೋಗದಂತೆ ತಡೆಯುವುದು) ಸೀಲೋ ಸೋರುತ್ತಿದೆ. ಅದನ್ನು ಸರಿಮಾಡಿ, ಒತ್ತಡ ಇಲ್ಲದಿದ್ದರೆ ಸೈಕಲ್ ಶುರುವಾಗದಂತೆ ಪ್ರೆಶರ್ ಸ್ವಿಚ್ಚನ್ನು ಸೈಕಲ್ ಸ್ಟಾರ್ಟಿಗೆ ಇಂಟರ್‌ಲಾಕ್ ಮಾಡುವವರೆಗೆ ಆ ಪಂಪಿನ ಸುದ್ದಿಗೆ ಹೋಗಬೇಡಿ.