ಬಿಎಸ್-6 ಡೀಸೆಲ್ ಕಾರಿನ ಡಿಪಿಎಫ್ ತೆಗೆಸಿಬಿಡಬಹುದೇ?

ಡಿಪಿಎಫ್ (ಡೀಸೆಲ್ ಪಾರ್ಟಿಕ್ಯುಲೇಟ್ ಫಿಲ್ಟರ್) ತುಂಬಿದೆ ಎನ್ನುವ ಲೈಟ್ ಪದೇ ಪದೇ ಬರುತ್ತೆ, ಗ್ಯಾರೇಜಿನವರು ತೆಗೆಸಿಬಿಡಿ ಅಂತಾರೆ ಎಂದು ಬರೆದಿದ್ದೀರಿ. ದಯವಿಟ್ಟು ತೆಗೆಸಬೇಡಿ. ಹೊಗೆಯಲ್ಲಿನ ಕರಿಮಸಿಯನ್ನು ಹಿಡಿದಿಡುವ ಫಿಲ್ಟರ್ ಅದು. ಡೀಸೆಲ್ ಹೊಗೆ ಕ್ಯಾನ್ಸರ್‌ಕಾರಕ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2012ರಲ್ಲೇ ಹೇಳಿದೆ. ತೆಗೆಸಿದರೆ ಆ ಮಸಿ ಬಸ್‌ಸ್ಟಾಪಿನಲ್ಲಿ ನಿಂತ ಮಕ್ಕಳ ಎದೆಗೇ ಹೋಗುತ್ತೆ.

ತೊಂದರೆ ಇರೋದು ಓಡಾಟದಲ್ಲಿ. ಫಿಲ್ಟರಿನಲ್ಲಿ ತುಂಬಿದ ಮಸಿ ಸುಟ್ಟುಹೋಗಲು ಸುಮಾರು 600 ಡಿಗ್ರಿ ಶಾಖ ಬೇಕು. ತೋಟದಿಂದ ತೀರ್ಥಹಳ್ಳಿ ಪೇಟೆಗೆ ಹೋಗಿ ಬರುವಷ್ಟರಲ್ಲಿ ಫಿಲ್ಟರ್ ಅಷ್ಟು ಬಿಸಿಯಾಗುವುದೇ ಇಲ್ಲ, ಮಳೆಗಾಲದಲ್ಲಂತೂ ಕೇಳಲೇಬೇಡಿ. ಲೈಟ್ ಬಂದಾಗ ಶಿವಮೊಗ್ಗ ರಸ್ತೆ ಹಿಡಿದು, 2,000 ಆರ್‌ಪಿಎಂ ಆಸುಪಾಸಿನಲ್ಲಿ ಒಂದೇ ಸಮ ಓಡಿಸಿ. ದಾರಿಯಲ್ಲಿ ಸಿಗುವ ಮಂಡಗದ್ದೆ ಮುಟ್ಟುವಷ್ಟರಲ್ಲಿ ಸಾಮಾನ್ಯವಾಗಿ ಆರುತ್ತೆ. ಆರದಿದ್ದರೆ ಅಥವಾ ಎಂಜಿನ್ ಎಳೆಯದಿದ್ದರೆ ಸರ್ವಿಸ್ ಸೆಂಟರಿಗೆ ಒಯ್ಯಿರಿ.

ಮಸಿ ಸುಡುತ್ತಿರುವಾಗ ಎಂಜಿನ್ ಆಫ್ ಮಾಡಬೇಡಿ. ಆಗಾಗ ಹಾಗಾದರೆ ಸುಡದ ಡೀಸೆಲ್ ಎಂಜಿನ್ ಆಯಿಲ್‌ಗೆ ಸೇರುತ್ತೆ. ಡಿಪ್‌ಸ್ಟಿಕ್ (ಆಯಿಲ್ ಮಟ್ಟ ನೋಡುವ ಕಡ್ಡಿ) ಎಳೆದು ನೋಡಿ: ಆಯಿಲ್ ಮೇಲಿನ ಗೆರೆ ದಾಟಿದ್ದು, ಮೂಸಿದರೆ ಡೀಸೆಲ್ ವಾಸನೆ ಬಂದರೆ ತಡಮಾಡದೆ ಆಯಿಲ್ ಬದಲಿಸಿ. ಇದನ್ನು ಹೆಚ್ಚಿನವರು ನೋಡುವುದೇ ಇಲ್ಲ, ಎಂಜಿನ್ ಸವೆಯುವುದು ಇಲ್ಲೇ.

ದಿನವೂ ಐದಾರು ಕಿ.ಮೀ. ಅಷ್ಟೇ ಓಡಿಸುವುದಾದರೆ ಮುಂದಿನ ಕಾರು ಡೀಸೆಲ್ ಬೇಡ. ಪೆಟ್ರೋಲ್ ಸಾಕು, ಮನೆಯಲ್ಲೇ ಚಾರ್ಜ್ ಮಾಡುವ ಅನುಕೂಲವಿದ್ದರೆ ಎಲೆಕ್ಟ್ರಿಕ್ ಇನ್ನೂ ಒಳ್ಳೆಯದು.